ಓಡುವಷ್ಟು ದಿನ ಓಡಲಿ ಎನ್ನಬಾರದು

ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶಕ್ಕೆ ಹೊರಟದ್ದು 2025ರ ಜೂನ್ 25ರ ಮಧ್ಯಾಹ್ನ. ಫ್ಲಾರಿಡಾದಿಂದ ರಾಕೆಟ್ ಮೇಲೇರುವುದನ್ನು ತೊಂಡಾಮುತ್ತೂರಿನ ಬಂಧುಗಳ ಮನೆಯಲ್ಲಿ ಕೂತು ನೋಡಿದೆವು. ಟೀವಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಅವರು ಹೋಗುತ್ತಿರುವ ಬಾಹ್ಯಾಕಾಶ ನಿಲ್ದಾಣವನ್ನು ಇನ್ನೈದಾರು ವರ್ಷದಲ್ಲಿ ಕಡಲಿಗೆ ಬೀಳಿಸುತ್ತಾರಂತೆ ಎಂಬ ಮಾತು ಬಂದಾಗ ಮಾವ ರೇಗಿದರು: "ಓಡ್ತಿರೋ ಮೋಟಾರನ್ನ ಯಾರಾದ್ರೂ ಗುಜರಿಗೆ ಹಾಕ್ತಾರೇನಪ್ಪ?"

ಪಂಪ್‌ಸೆಟ್ಟಿಗೆ ಹೆಸರಾದ ಈ ಕೊಯಮತ್ತೂರು ಸೀಮೆಯಲ್ಲಿ ಮಾವನ ಮಾತಿಗೆ ತೂಕವಿದೆ. ವೈಂಡಿಂಗ್ ಮಾಡಿಸಿ, ಬೇರಿಂಗ್ ಬದಲಿಸಿ, ಒಂದೇ ಮೋಟಾರಿನಲ್ಲಿ ಅಡಿಕೆ, ತೆಂಗು ಬೆಳೆದವರು ಇಲ್ಲಿದ್ದಾರೆ. ಆದರೆ ಮೋಟಾರು ಸುಟ್ಟರೆ ತೋಟಕ್ಕೆ ಎರಡು ದಿನ ನೀರಿಲ್ಲ, ಅಷ್ಟೇ. ನಿಲ್ದಾಣದೊಳಗೆ ಮನುಷ್ಯರಿದ್ದಾರೆ.

ಹಳೆಯದು ಎನ್ನುವಾಗ ನಾವು ಎರಡು ಸಂಗತಿಗಳನ್ನು ಕಲಸಿಬಿಡುತ್ತೇವೆ. 1984ರಲ್ಲಿ ರಾಕೇಶ್ ಶರ್ಮಾರನ್ನು ಬಾಹ್ಯಾಕಾಶಕ್ಕೆ ಒಯ್ದ ಸೋಯುಜ್ ನೌಕೆಯ ವಿನ್ಯಾಸ 1960ರ ದಶಕದ್ದು. ಅದೇ ವಂಶದ ನೌಕೆ ಇಂದಿಗೂ ಹಾರುತ್ತಿದೆ. ಆದರೆ ಪ್ರತಿ ಯಾನಕ್ಕೂ ನೌಕೆ ಹೊಸದು. ವಿನ್ಯಾಸ ಹಳತಾದಷ್ಟೂ ಅದರ ದೋಷಗಳು ಬಯಲಾಗಿ ತಿದ್ದುಪಡಿಯಾಗುತ್ತವೆ. ಒಡಲು ಹಳತಾದರೆ ಹಾಗಲ್ಲ.

ಅದಕ್ಕಿಂತ ಅಪಾಯಕಾರಿಯಾದದ್ದು ದೋಷ ನಮಗೆ ಅಭ್ಯಾಸವಾಗಿಬಿಡುವುದು. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ 1981ರಿಂದ ಹಾರುತ್ತಿದ್ದ ನೌಕೆ. ಕಲ್ಪನಾ ಇದ್ದದ್ದು ಅದರ 28ನೇ ಯಾನದಲ್ಲಿ. ಉಡಾವಣೆಯಾಗಿ 82 ಸೆಕೆಂಡಿಗೆ ಇಂಧನ ತೊಟ್ಟಿಯ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ಫೋಮ್ ಕಳಚುವುದು ಹೊಸದೇನಾಗಿರಲಿಲ್ಲ. ಹಿಂದೆಯೂ ಕಳಚಿತ್ತು, ನೌಕೆ ಕ್ಷೇಮವಾಗಿ ಮರಳಿತ್ತು. ಹಾಗಾಗಿ ಅದು ಅಪಾಯವೆನಿಸದೆ ಬರೀ ರಿಪೇರಿಯ ಪಟ್ಟಿಗೆ ಸೇರಿಹೋಗಿತ್ತು. ರೆಕ್ಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರುಗಳು ಕೇಳಿಕೊಂಡರೂ ಮೇಲಿನವರು ತೆಗೆಸಲಿಲ್ಲ. 2003ರ ಫೆಬ್ರವರಿ 1ರಂದು ನೌಕೆ ಮರಳುವಾಗ ಅದರಲ್ಲಿದ್ದ ಏಳು ಮಂದಿ ಸತ್ತರು. ಆ ಸಾವಿಗೆ ನೌಕೆಯ ವಯಸ್ಸನ್ನು ಹೊಣೆ ಮಾಡುವುದು ಮನುಷ್ಯರ ತಪ್ಪನ್ನು ಲೋಹದ ತಲೆಗೆ ಕಟ್ಟಿದಂತೆ.

ನಿಲ್ದಾಣವನ್ನು ಉಳಿಸಿ ಎನ್ನುವವರ ವಾದ ಹಗುರವಾದುದಲ್ಲ. 2000ದ ನವೆಂಬರಿನಿಂದ ಅಲ್ಲಿ ಮನುಷ್ಯರಿಲ್ಲದ ದಿನವಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಶುಕ್ಲಾ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದ್ದು ಅಲ್ಲಿಯೇ. ಇಂಥ ಪ್ರಯೋಗಶಾಲೆ ಮತ್ತೆ ಸುಲಭಕ್ಕೆ ಸಿಗದು. ಆದರೂ ನಿಲ್ದಾಣದ ಜ್ವೆಜ್ದಾ ಘಟಕದಲ್ಲಿ ವರ್ಷಗಳ ಕಾಲ ಗಾಳಿ ಸೋರುತ್ತಿತ್ತು. ಶುಕ್ಲಾರ ಯಾನ ಮುಂದೂಡಿದ್ದಕ್ಕೆ ರಾಕೆಟ್ಟಿನ ಆಮ್ಲಜನಕ ಸೋರಿಕೆಯ ಜೊತೆಗೆ ಇದೂ ಒಂದು ಕಾರಣ. ಆಗ ಮುಂದೂಡಿದ್ದೇ ಸರಿ. ತಡವಾಯಿತೆಂದು ಗೇಲಿ ಮಾಡಿದವರಿಗೆ ಕೊಲಂಬಿಯಾದ ಕಥೆಯೇ ಉತ್ತರ.

ಮನುಷ್ಯರಿಲ್ಲದ ಉಪಗ್ರಹವನ್ನು ದುಡಿಯುವಷ್ಟು ಕಾಲ ದುಡಿಸಲಿ, ನನ್ನ ತಕರಾರಿಲ್ಲ. ಅದಕ್ಕೂ ಕೊನೆಯೊಂದನ್ನು ಯೋಚಿಸಿರಬೇಕು. 2007ರಲ್ಲಿ ಹಾರಿದ ಕಾರ್ಟೊಸ್ಯಾಟ್-2ನ್ನು ಇಸ್ರೋ 2019ರವರೆಗೆ ದುಡಿಸಿ, ಉಳಿದ ಇಂಧನದಲ್ಲೇ ಕೆಳಗಿನ ಕಕ್ಷೆಗೆ ಇಳಿಸಿತು. ಸುಮಾರು 30 ವರ್ಷ ಅಲೆಯಬೇಕಿದ್ದದ್ದು 2024ರ ಫೆಬ್ರವರಿಯಲ್ಲೇ ವಾತಾವರಣಕ್ಕೆ ಮರಳಿತು. ಹಳೆಯದಕ್ಕೆ ಕೊಡುವ ಮರ್ಯಾದೆ ಇದು.

ಈಗ ಮನುಷ್ಯರನ್ನು ಒಯ್ಯುವ ಇಸ್ರೋದ ಗಗನಯಾನ ಬರುತ್ತಿದೆ, 2035ಕ್ಕೆ ನಮ್ಮದೇ ನಿಲ್ದಾಣ ಎಂಬ ಯೋಜನೆಯಿದೆ. ಆ ನಿಲ್ದಾಣದ ಮೊದಲ ಘಟಕ ಹಾರುವ ಮುನ್ನವೇ ಕೊನೆಯ ಸಿಬ್ಬಂದಿ ಹೊರಬರಬೇಕಾದ ವರ್ಷವನ್ನು ಇಸ್ರೋ ಬರೆದಿಡಲಿ, ಜನರ ಮುಂದಿಡಲಿ. ಗಗನಯಾನ ತಡವಾದಾಗಲೆಲ್ಲ ಅವಸರಪಡಿಸದೆ ಕಾಯುವ ಕೆಲಸ ನಮ್ಮದು.