ಕಾಗದದ ಮೇಲಿನ ಚುಕ್ಕೆಗೆ ಜೀವವಿಲ್ಲ, ನಿಜ

ಗಾಳಿ ಕೋವಿಯಿಂದ ಕಾಗದಕ್ಕೆ ಗುರಿಯಿಡುವುದು ಬೇಟೆಯ ಸಪ್ಪೆ ನಕಲು, ಜೀವವಿಲ್ಲದ ಗುರಿಯಲ್ಲಿ ರೋಮಾಂಚನವಿಲ್ಲ ಎಂಬ ವಾದ ಇತ್ತೀಚೆಗೆ ಪ್ರಕಟವಾಗಿದೆ. ಬರೆದವರು ಆ ಗುರಿಯನ್ನು ಹತ್ತಿರದಿಂದ ನೋಡಿದಂತಿಲ್ಲ. ಹತ್ತು ಮೀಟರ್ ದೂರದಲ್ಲಿರುವ ಗುರಿಯ ನಟ್ಟನಡುವಿನ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅದನ್ನು ಅರಸಿ ಹೋಗುವ ಗುಂಡಿನ ಅಗಲವೇ 4.5 ಮಿಲಿಮೀಟರ್. ಅರ್ಹತಾ ಸುತ್ತಿನಲ್ಲಿ 75 ನಿಮಿಷದೊಳಗೆ ಇಂಥ 60 ಗುಂಡು ಹಾರಿಸಬೇಕು. ಒಳಾಂಗಣದಲ್ಲಿ ಬೀಸುಗಾಳಿಯಿಲ್ಲ, ಓಡುವ ಮೃಗವಿಲ್ಲ, ಆದ್ದರಿಂದ ನೆಪಗಳೂ ಇಲ್ಲ. ಉಸಿರು, ಎದೆಬಡಿತ, ಬೆರಳು ಅಷ್ಟೇ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೊನೆಯ ಗುಂಡಿಗೆ ಮೊದಲು ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಸಮಬಲದಲ್ಲಿದ್ದರು. ಬಿಂದ್ರಾ 10.8 ಹೊಡೆದರು, ಹಕ್ಕಿನೆನ್ 9.7ಕ್ಕೆ ಇಳಿದು ಮೂರನೆಯವರಾದರು. ಇದಕ್ಕಿಂತ ರೋಮಾಂಚನ ಬೇಕೆ?

ಕಾಡನ್ನು ಓದುವ ಜಾಣ್ಮೆ, ಹೆಜ್ಜೆಗುರುತು ಹಿಡಿಯುವ ತಾಳ್ಮೆ ಬೇಟೆಗಾರನದೇ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಆ ಸುಖ ಕುದುರೆ ಎಳೆಯುವ ಕ್ಷಣದ್ದಲ್ಲ, ನೋಡುವುದರದ್ದು, ಕೋವಿಯಿಲ್ಲದೆಯೂ ಸಿಗುತ್ತದೆ. ಗುರಿ ತಪ್ಪಿದಾಗಲೇ ನಿಜವಾದ ವ್ಯತ್ಯಾಸ. ಕಾಗದದಲ್ಲಿ ತಪ್ಪಿದರೆ ಒಂದೆರಡು ಅಂಕ ಹೋಗುತ್ತದೆ, ತೂತು ಎಡಕ್ಕೆ ಬಿದ್ದದ್ದೇಕೆಂದು ಕಲಿಯಬಹುದು. ಕಾಡಿನಲ್ಲಿ ತಪ್ಪಿದ ಗುಂಡು ಕಡವೆಯ ಹೊಟ್ಟೆಯನ್ನು ಹೊಕ್ಕರೆ ಆ ಪ್ರಾಣಿ ಪೊದೆಯೊಳಗೆ ನರಳಿ ಸಾಯುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಅಪರಾಧವೆಂದಿದೆ, ಸರಿಯಾಗಿಯೇ. ಪರಂಪರೆ ಅಳಿಯುತ್ತದೆ ಎನ್ನುವವರು ಕೊಡಗಿನ ಕೈಲ್‌ಪೊಳ್ದನ್ನು ನೋಡಲಿ: ಕೋವಿಗೆ ಪೂಜೆ ಸಲ್ಲಿಸುವ ಆ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿ ಚೂರಾದಾಗ ಊರೇ ಕೇಕೆ ಹಾಕುತ್ತದೆ.