ಇಳಿದ ಬಾಗಿಲಿಗೆ ಎರಡು ತೊಲೆ ಕಂಚು

ನಂದಗಡದ ಪ್ಯಾಟಿಯೊಳಗ ಹಳೇ ಪಿಕಪ್ ಹತ್ತಿದವರಿಗೆ ಡ್ರೈವರ್ ಮೊದಲು ಹೇಳೋ ಮಾತು ಒಂದೇ: "ಎತ್ತಿ ಹಾಕ್ರಿ." ಅಂದರೆ ಬಾಗಿಲನ್ನು ಹಿಡಿಕೆ ಹಿಡಿದು ಒಂದಿಷ್ಟು ಮೇಲಕ್ಕೆತ್ತಿ, ಆಮೇಲೆ ಜೋರಾಗಿ ಎಳೆದು ಮುಚ್ಚಬೇಕು. ಗೊತ್ತಿಲ್ಲದವರು ಸುಮ್ಮನೆ ಎಳೆದರೆ ಠಣ್ ಅಂತ ಬಡಿದು ವಾಪಸ್ ಬರುತ್ತದೆ. ಹತ್ತು ಹದಿನೈದು ವರ್ಷ ದುಡಿದ ಗಾಡಿ ಅಂದರೆ ಹಂಗ ಇರೋದು ಅಂತ ನಮ್ಮೂರಿನವರು ಒಪ್ಪಿಕೊಂಡುಬಿಟ್ಟಿದ್ದಾರೆ, ಅಜ್ಜನ ಮೊಣಕಾಲು ನೋವನ್ನು ಒಪ್ಪಿಕೊಂಡ ಹಾಗೆ. ನಾನು ಒಪ್ಪೋದಿಲ್ಲ. ಬಾಗಿಲು ಇಳಿಯುವುದು ವಯಸ್ಸಿನ ಗುಣ ಅಲ್ಲ, ರಿಪೇರಿ ಆಗುವ ಕಾಯಿಲೆ. ಅದಕ್ಕೆ ಬೇಕಾದ ಔಷಧಿ ಸುಮಾರು ಎರಡು ತೊಲೆ ಕಂಚು. ಆ ಕಂಚನ್ನು ಹದಕ್ಕೆ ತರುವ ಲೇಥ್‌ಗಳು ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ವಾರದ ಅರ್ಧ ದಿನ ಸುಮ್ಮನೆ ನಿಂತಿರುತ್ತವೆ. ಈ ಲೇಖನ ಬರೆಯಲಿಕ್ಕೆ ಅದೇ ಕಾರಣ.

ಮೊದಲು ಇದು ಬರೀ ಕಿರಿಕಿರಿಯ ವಿಷಯ ಅಲ್ಲ ಅನ್ನೋದನ್ನ ಹೇಳಬೇಕು. ಗಾಡಿಯ ಬಾಗಿಲಿನ ಲಾಕ್ ಎರಡು ಹಂತದಲ್ಲಿ ಬೀಳುತ್ತದೆ. ಮೊದಲ ಕ್ಲಿಕ್ ಅರ್ಧ ಹಿಡಿತ, ಎರಡನೇ ಕ್ಲಿಕ್ ಪೂರ್ತಿ ಹಿಡಿತ. ಇಳಿದ ಬಾಗಿಲು ಬಹಳ ಸಲ ಮೊದಲ ಕ್ಲಿಕ್‌ಗೇ ನಿಂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಮುಚ್ಚಿದ ಹಾಗೇ ಕಾಣುತ್ತದೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 206 ಅನ್ನೋ ಮಾನದಂಡದಲ್ಲಿ ಪೂರ್ತಿ ಬಿದ್ದ ಲಾಕ್ ಉದ್ದ ದಿಕ್ಕಿನಲ್ಲಿ 11,000 ನ್ಯೂಟನ್ ಎಳೆತ ತಡೆಯಬೇಕು. ಅರ್ಧ ಬಿದ್ದದ್ದಕ್ಕೆ 4,500 ನ್ಯೂಟನ್ ಸಾಕು. ಅಂದರೆ ಹೊಸ ಲಾಕ್ ಕೂಡ ಅರ್ಧ ಹಿಡಿತದಲ್ಲಿ ಅರ್ಧಕ್ಕಿಂತ ಕಡಿಮೆ ಗಟ್ಟಿ ಇದ್ದರೆ ನಡೆಯುತ್ತದೆ ಅಂತ ಮಾನದಂಡ ಬರೆದವರೇ ಒಪ್ಪಿದ್ದಾರೆ. ನಮ್ಮ ಗಾಡಿಗಳ ಲಾಕ್ ಹೊಸದೂ ಅಲ್ಲ. ಜನವರಿ 26ಕ್ಕೆ ನಂದಗಡಕ್ಕೆ ಬಂದು ನೋಡ್ರಿ. 1831ರಲ್ಲಿ ಅದೇ ದಿನ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ನಮ್ಮದು. ಆತನ ಸಮಾಧಿಗೆ, ಆಲದ ಮರಕ್ಕೆ ಕೈಮುಗಿಯಲು ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ಇಬ್ಬರು ಕೂರುವ ಕ್ಯಾಬಿನ್ನಿನಲ್ಲಿ ನಾಲ್ಕು ಜನ, ಬಾಗಿಲಿಗೆ ಒತ್ತಿಕೊಂಡು ಕೂತವನ ತೊಡೆ ಮೇಲೊಂದು ಕೂಸು. ಆ ಬಾಗಿಲು ಮೊದಲ ಕ್ಲಿಕ್‌ನಲ್ಲಿದೆಯೋ ಎರಡನೆಯದರಲ್ಲಿದೆಯೋ ಅಂತ ಯಾರೂ ನೋಡೋದಿಲ್ಲ.

ಈಗ ಬಾಗಿಲು ಯಾಕೆ ಇಳಿಯುತ್ತದೆ ಅನ್ನೋದು. ಇದಕ್ಕೆ ಫಸ್ಟ್ ಇಯರ್ ಮೆಕ್ಯಾನಿಕ್ಸ್ ಸಾಕು. ಬಾಗಿಲು ಎರಡು ಕೀಲುಗಳ ಮೇಲೆ ನೇತಾಡುತ್ತದೆ (ನಮ್ಮ ಕಡೆ ಬಿಜಾಗ್ರಿ ಅಂತಾರ, ಮರಾಠಿಯವರೂ ಹೆಚ್ಚುಕಡಿಮೆ ಅದೇ ಶಬ್ದ ಹೇಳ್ತಾರ, ಜಗಳ ಇಲ್ಲ). ಬಾಗಿಲಿನ ತೂಕ 25 ಕೆ.ಜಿ. ಅಂತಿಟ್ಟುಕೊಳ್ಳಿ, ಅದರ ಗುರುತ್ವ ಕೇಂದ್ರ ಕೀಲಿನಿಂದ 45 ಸೆಂ.ಮೀ. ದೂರ, ಎರಡು ಕೀಲುಗಳ ನಡುವಿನ ಅಂತರ 35 ಸೆಂ.ಮೀ. ನಿಮ್ಮೂರಿನ ಗಾಡಿಯ ಅಳತೆ ಬೇರೆ ಇದ್ದರೆ ಟೇಪ್ ಹಿಡಿದು ಅಳೆದು ಹಾಕಿಕೊಳ್ರಿ. 25 ಗುಣಿಸು 45, ಭಾಗಿಸು 35: ಸುಮಾರು 32 ಕೆ.ಜಿ. ಮೇಲಿನ ಕೀಲು ಇಷ್ಟು ಬಲದಿಂದ ಪಿಲ್ಲರ್ ಬಿಟ್ಟು ಹಿಂದಕ್ಕೆ ಎಳೆಯಲ್ಪಡುತ್ತದೆ, ಕೆಳಗಿನ ಕೀಲು ಅಷ್ಟೇ ಬಲದಿಂದ ಪಿಲ್ಲರಿನ ಕಡೆಗೆ ಒತ್ತಲ್ಪಡುತ್ತದೆ. ನಾವು ಪರೀಕ್ಷೆಯಲ್ಲಿ ಎರಡು ಬಾಣ ಬರೆದು ಕಪಲ್ ಅಂತ ಹೆಸರು ಹಾಕಿ ಎಂಟು ಮಾರ್ಕ್ಸ್ ತಗೊಂಡದ್ದು ಇದನ್ನೇ.

ಇದು ಬಾಗಿಲು ತನ್ನ ಪಾಡಿಗೆ ತಾನು ಇದ್ದಾಗಿನ ಮಾತು. ತೆರೆದ ಬಾಗಿಲಿನ ಮೇಲೆ ಮೊಣಕೈ ಊರಿ ನಿಂತು ಚಹಾ ಕುಡಿಯುವವರು ನಮ್ಮಲ್ಲಿ ಇಲ್ಲವೇ? ಹತ್ತುವಾಗ ಬಾಗಿಲನ್ನೇ ಹಿಡಿದು ಜೋತು ಬೀಳುವವರು? ಬಾಗಿಲಿನ ಹಿಂದಿನ ಅಂಚು ಕೀಲಿನಿಂದ 90 ಸೆಂ.ಮೀ. ದೂರ ಇದ್ದರೆ, ಅಲ್ಲಿ ಬಿದ್ದ 30 ಕೆ.ಜಿ. ಭಾರ ಕೀಲಿಗೆ ಬರುವಾಗ 77 ಕೆ.ಜಿ. ಆಗಿರುತ್ತದೆ. ಮೊದಲಿನ 32 ಸೇರಿಸಿದರೆ ನೂರ ಒಂಬತ್ತು. ಒಂದು ಕಪ್ ಚಹಾದ ಹೊತ್ತಿನಲ್ಲಿ ಕೀಲಿನ ಮೇಲಿನ ಭಾರ ಮೂರು ಪಟ್ಟಿಗಿಂತ ಜಾಸ್ತಿ.

ಕೀಲಿನೊಳಗೆ ಉಕ್ಕಿನ ಪಿನ್ ಇರುತ್ತದೆ, ಅದರ ಸುತ್ತ ಬುಷ್. ಬಾಗಿಲು ತೆರೆದಾಗ, ಮುಚ್ಚಿದಾಗ ಇವೆರಡೂ ಒಂದಕ್ಕೊಂದು ಉಜ್ಜುತ್ತವೆ. 10 ಮಿ.ಮೀ. ಪಿನ್, 65 ಡಿಗ್ರಿ ತೆರೆಯುವ ಬಾಗಿಲು ಅಂದರೆ ಒಮ್ಮೆ ತೆರೆದು ಮುಚ್ಚಿದರೆ ಸುಮಾರು 11 ಮಿ.ಮೀ. ಉಜ್ಜಾಟ. ಬಾಡಿಗೆ ಗಾಡಿಯಲ್ಲಿ ದಿನಕ್ಕೆ ನೂರು ಸಲ, ವರ್ಷಕ್ಕೆ ಮುನ್ನೂರು ದಿನ ಅಂತ ಹಿಡಿದರೆ ಹತ್ತೊಂಬತ್ತು ವರ್ಷಕ್ಕೆ ಆರು ಕಿಲೋಮೀಟರ್ ದಾಟುತ್ತದೆ. ಆರು ಕಿಲೋಮೀಟರ್ ಉದ್ದಕ್ಕೂ ಒಂದು ಬಳೆಯನ್ನು ಮೂವತ್ತು ಕೆ.ಜಿ. ಒತ್ತಿ ಎಳೆದ ಹಾಗೆ, ನಡುವೆ ಬೇಸಿಗೆಯ ಕೆಂಪು ದೂಳು, ಮಳೆಗಾಲದ ರಾಡಿ. ಸವೆತ ಭಾರಕ್ಕೂ ಉಜ್ಜಿದ ದೂರಕ್ಕೂ ಅನುಪಾತದಲ್ಲಿ ಹೆಚ್ಚುತ್ತದೆ ಅಂತ ಆರ್ಚಾರ್ಡ್ ನಿಯಮ ಹೇಳುತ್ತದೆ. ಖಾನಾಪುರದ ಮಳೆ ಮತ್ತು ಮಣ್ಣು ಆ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತವೆ.

ಸವೆದದ್ದು ಬಹಳ ಅಲ್ಲ. ಎರಡೂ ಕೀಲು ಸೇರಿ 2 ಮಿ.ಮೀ. ಆಟ ಬಂದಿದೆ ಅನ್ನೋಣ. ಆದರೆ ಹಿಂದಿನ ಅಂಚಿನಲ್ಲಿ ಅದು 90 ಭಾಗಿಸು 35 ಪಟ್ಟು ದೊಡ್ಡದಾಗಿ ಕಾಣುತ್ತದೆ, ಅಂದರೆ 5 ಮಿ.ಮೀ. ಮೇಲೆ. ಲಾಕ್ ಸ್ಟ್ರೈಕರಿಗೆ ತಾಗದೆ ಕೆಳಗೆ ಹೋಗಿ ಬಡಿಯಲು ಅಷ್ಟು ಸಾಕು. ಕಾಯಿಲೆ ಇರೋದು ಕೀಲಿನೊಳಗೆ, ನೋವು ಕಾಣೋದು ಲಾಕಿನಲ್ಲಿ. ಬಹಳ ಜನ ತಪ್ಪುವುದು ಇಲ್ಲೇ.

ಯಾಕಂದರೆ ಗ್ಯಾರೇಜಿಗೆ ಹೋದರೆ ಹೆಚ್ಚಾಗಿ ಮಾಡೋದು ಸ್ಟ್ರೈಕರನ್ನು ಸಡಿಲಿಸಿ ಕೆಳಗೆ ಇಳಿಸೋದು. ಐದು ನಿಮಿಷದ ಕೆಲಸ, ಬಾಗಿಲು ಮುಚ್ಚುತ್ತದೆ, ಗಿರಾಕಿ ಖುಷಿ. ಆದರೆ ಬಾಗಿಲು ಮಾತ್ರ ಸೊಟ್ಟಗೇ ಇರುತ್ತದೆ, ಮೇಲಿನ ಮೂಲೆಯಲ್ಲಿ ರಬ್ಬರ್ ಒತ್ತೋದಿಲ್ಲ, ಜುಲೈನಲ್ಲಿ ಡ್ರೈವರನ ಭುಜ ತೊಯ್ಯುತ್ತದೆ, ಬುಷ್ ಸವೆಯೋದು ನಿಲ್ಲೋದಿಲ್ಲ. ಮುಂದಿನ ವರ್ಷ ಸ್ಟ್ರೈಕರನ್ನು ಇಳಿಸಲು ಜಾಗವೇ ಇರುವುದಿಲ್ಲ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಬೇಕಲ್ಲ, ಅದರ ಹಿಂದಿನ ದಿನ ಈ ವಿದ್ಯೆ ಬಹಳ ನಡೆಯುತ್ತದೆ. ಇನ್ನೊಂದು ವಿದ್ಯೆ: ಕೀಲಿನ ಸಂದಿಯಲ್ಲಿ ಕಟ್ಟಿಗೆ ತುಂಡು ಇಟ್ಟು ಬಾಗಿಲನ್ನು ಒತ್ತಿ ಕೀಲಿನ ಎಲೆ ಬಗ್ಗಿಸೋದು. ಕೀಲು ನಿಜವಾಗಿಯೂ ಬಾಗಿದ್ದರೆ ಅದೂ ಒಂದು ರಿಪೇರಿಯೇ. ಸವೆದ ಪಿನ್ನಿಗೆ ಮಾಡಿದರೆ ಒಳ್ಳೆಯ ಕೀಲನ್ನೂ ಕೆಡಿಸಿದ ಹಾಗೆ. ಮೂರನೆಯದು ಕೀಲನ್ನೇ ಪಿಲ್ಲರಿಗೆ ವೆಲ್ಡ್ ಹೊಡೆಯೋದು. ಅದರ ಬಗ್ಗೆ ನಾನು ಏನೂ ಹೇಳೋದಿಲ್ಲ, ಬೈಗುಳ ಬರುತ್ತದೆ. ಗ್ಯಾರೇಜಿನ ಮಿಸ್ತ್ರಿ ಅಂದರೆ ಎಲ್ಲ ಬಲ್ಲವನು, ಕಾಲೇಜಿನ ಹುಡುಗ ಅಂದರೆ ಏನೂ ಅರಿಯದವನು ಅಂತ ಬರೆಯೋದು ಈಗ ಫ್ಯಾಷನ್. ನನಗೆ ಆ ಕಥೆ ಅರ್ಧ ಮಾತ್ರ ಸರಿ ಅನ್ನಿಸುತ್ತದೆ.

ಸರಿಯಾದ ರೀತಿ ಹೀಗೆ. ಬಾಗಿಲನ್ನು ಅರ್ಧ ತೆರೆದು ಹಿಂದಿನ ಅಂಚನ್ನು ಎರಡೂ ಕೈಯಿಂದ ಎತ್ತಿ ಬಿಡ್ರಿ, ಗೆಳೆಯನೊಬ್ಬ ಕೀಲನ್ನು ನೋಡ್ತಾ ಇರಲಿ. ಪಿನ್ ಇರುವಲ್ಲಿ ಅಲುಗಾಡಿದರೆ ಬುಷ್ ಹೋಗಿದೆ. ಇಡೀ ಕೀಲೇ ಪಿಲ್ಲರಿನ ಮೇಲೆ ಸರಿದರೆ ಬೋಲ್ಟ್ ಸಡಿಲ, ಸ್ಪ್ಯಾನರ್ ಸಾಕು. ಪಿಲ್ಲರಿನ ತಗಡೇ ಉಸಿರಾಡಿದ ಹಾಗೆ ಒಳಗೆ ಹೊರಗೆ ಆದರೆ ಬಿರುಕು ಅಥವಾ ತುಕ್ಕು. ಆಗ ಕಂಚಿನ ಮಾತು ಬಿಡಬೇಕು, ಅದು ತಗಡಿನ ಕೆಲಸ. ಏನೂ ಅಲುಗಾಡದೆ ಬಾಗಿಲು ಮಾತ್ರ ಕೆಳಗಿದ್ದರೆ ಕೀಲು ಬಾಗಿರಬಹುದು, ಇಲ್ಲವೇ ಕ್ಯಾಬಿನ್ನಿನ ಕೆಳಗಿನ ಮೌಂಟ್ ರಬ್ಬರ್ ಕುಸಿದು ಕ್ಯಾಬಿನ್ನೇ ವಾಲಿರಬಹುದು.

ಬುಷ್ ಅಂತ ಖಾತ್ರಿಯಾದರೆ ಸ್ಟ್ರೈಕರನ್ನು ಮೊದಲು ಬಿಚ್ಚಿಡಿ. ಬಾಗಿಲಿನ ಕೆಳಗೆ ಜಾಕ್, ಜಾಕಿನ ಮೇಲೆ ಹಲಗೆ, ಹಲಗೆ ಮೇಲೆ ಗೋಣಿಚೀಲ. ಕೀಲಿನ ಸುತ್ತ ಗೀರು ಹಾಕಿ ಗುರುತು ಮಾಡಿ ಬಿಚ್ಚಬೇಕು, ಇಲ್ಲವಾದರೆ ಮತ್ತೆ ಕೂರಿಸುವಾಗ ಅರ್ಧ ದಿನ ಹೋಗುತ್ತದೆ. ಪಿನ್ನನ್ನು ಸವೆಯದ ತುದಿಯಲ್ಲೂ ಸವೆದ ನಡುವಿನಲ್ಲೂ ಮೈಕ್ರೋಮೀಟರ್ ಹಿಡಿದು ಅಳೆದರೆ ಹಳೆಯ ಅಳತೆ, ಈಗಿನ ಅಳತೆ ಎರಡೂ ಸಿಗುತ್ತವೆ. ತೂತು ಮೊಟ್ಟೆಯಾಕಾರ ಆಗಿದ್ದರೆ ದೊಡ್ಡದು ಮಾಡಿ ಗುಂಡಗೆ ತರಬೇಕು, ಅದಕ್ಕೆ ತಕ್ಕ ಬುಷ್ ತಿರುಗಿಸಬೇಕು. ಕಂಚೇ ಯಾಕೆ ಅಂದರೆ ಅದು ಪಿನ್ನಿಗಿಂತ ಮೆತ್ತಗೆ. ಮುಂದೆ ಸವೆಯುವಾಗ ತಾನು ಸವೆದು ಪಿನ್ನನ್ನು ಉಳಿಸುತ್ತದೆ. ಹೊರಮೈ ನೂರನೇ ಮಿಲಿಮೀಟರಿನ ಎರಡು ಮೂರು ಭಾಗ ಬಿಗಿ, ಒಳಮೈ ಅಷ್ಟೇ ಸಡಿಲ. ಇಲ್ಲೊಂದು ಸೂಕ್ಷ್ಮ ಇದೆ: ಬುಷ್ಷನ್ನು ಒತ್ತಿ ಕೂರಿಸಿದ ಮೇಲೆ ಅದರ ಒಳತೂತು ಕಿರಿದಾಗುತ್ತದೆ. ಅದಕ್ಕೇ ಕೊನೆಯ ರೀಮಿಂಗ್ ಕೂರಿಸಿದ ಮೇಲೆಯೇ ಆಗಬೇಕು, ಅದೂ ಒಂದು ಕೀಲಿನ ಎರಡೂ ಬುಷ್‌ಗಳಿಗೆ ಒಂದೇ ನೇರದಲ್ಲಿ. ವಾಪಸ್ ಜೋಡಿಸುವಾಗ ಬಾಗಿಲು ಬರೀ ಕೀಲಿನ ಮೇಲೆ ನೇರವಾಗಿ ನಿಲ್ಲಬೇಕು, ಸುತ್ತಲಿನ ಸಂದಿ ಒಂದೇ ಸಮ ಇರಬೇಕು. ಸ್ಟ್ರೈಕರ್ ಬರೋದು ಎಲ್ಲಕ್ಕಿಂತ ಕೊನೆಗೆ. ಲಾಕ್ ಅದರೊಳಗೆ ಮೇಲಕ್ಕೂ ಏಳದೆ ಕೆಳಕ್ಕೂ ಇಳಿಯದೆ ಹೋಗಬೇಕು.

13 ಮಿ.ಮೀ. ಹೊರವ್ಯಾಸ, 10 ಒಳವ್ಯಾಸ, 12 ಉದ್ದದ ಒಂದು ಕಂಚಿನ ಬುಷ್ ಆರು ಗ್ರಾಂ ಕೂಡ ತೂಗುವುದಿಲ್ಲ. ಒಂದು ಬಾಗಿಲಿಗೆ ನಾಲ್ಕು. ಶೀರ್ಷಿಕೆಯ ಎರಡು ತೊಲೆ ಇದೇ.

ಇಷ್ಟು ಸಣ್ಣ ವಸ್ತು ಯಾಕೆ ಸಿಗೋದಿಲ್ಲ? ಹಳೆ ಮಾಡೆಲ್ಲಿಗೆ ಬುಷ್ ಕೇಳಿದರೆ ಅಂಗಡಿಯವರು "ಬರೇ ಬುಷ್ ಬರಂಗಿಲ್ಲ, ಪೂರಾ ಬಿಜಾಗ್ರಿ ತಗೊಳ್ರಿ" ಅಂತಾರ; ಪೂರ್ತಿ ಕೀಲು ಕೇಳಿದರೆ ಸ್ಟಾಕಿಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು, ವಾಹನಗಳೂ ಅದರಲ್ಲಿ ಸೇರಿವೆ. ಒಳ್ಳೆಯದೇ. ಆದರೆ ಹಳೇ ಪಿಕಪ್ಪಿನ ಬುಷ್ ಪೋರ್ಟಲ್ಲಿನಿಂದ ಇಳಿದು ಬರೋದಿಲ್ಲ, ಯಾರಾದರೂ ಲೇಥಿನ ಮುಂದೆ ನಿಲ್ಲಬೇಕು. ನಂದಗಡದಿಂದ ಖಾನಾಪುರ ದಾಟಿ ಬೆಳಗಾವಿಗೆ ಬರುವಾಗ ಊರು ಮುಟ್ಟುವ ಮೊದಲೇ ಉದ್ಯಮಬಾಗ ಸಿಗುತ್ತದೆ. ಅಲ್ಲಿನ ಫೌಂಡ್ರಿ, ಮಷಿನ್ ಶಾಪುಗಳ ಮಾಲು ಎಲ್ಲೆಲ್ಲಿಗೋ ಹೋಗುತ್ತದೆ. ಆದರೆ ಸಾವಿರ ಪೀಸಿನ ಆರ್ಡರ್ ಓಡುತ್ತಿರುವ ಮಷಿನ್ ನಿಲ್ಲಿಸಿ ನಾಲ್ಕು ಬುಷ್ ಮಾಡಿಕೊಡ್ರಿ ಅಂದರೆ ಯಾರು ಮಾಡ್ಯಾರು? ಸೆಟ್ಟಿಂಗಿಗೆ ಹೋಗುವ ಹೊತ್ತು ಕಡಿತಕ್ಕಿಂತ ಜಾಸ್ತಿ. ಅವರದೇನೂ ತಪ್ಪಿಲ್ಲ.

ನಾಲ್ಕೇ ನಾಲ್ಕು ಪೀಸ್ ಮಾಡಲು ಸಮಯ ಇರುವ ಜಾಗ ನಮ್ಮ ವರ್ಕ್‌ಶಾಪ್. ನಾವು ಅಲ್ಲಿ ಏನು ಮಾಡ್ತೀವಿ? ಫಿಟ್ಟಿಂಗ್‌ನಲ್ಲಿ ಎರಡು ಎಂಎಸ್ ಪ್ಲೇಟಿಗೆ ವಿ ಜಾಯಿಂಟ್, ಡವ್‌ಟೇಲ್. ಲೇಥಿನಲ್ಲಿ ಸ್ಟೆಪ್ ಟರ್ನಿಂಗ್, ಟೇಪರ್, ನರ್ಲಿಂಗ್. ಮಾರ್ಕ್ಸ್ ಹಾಕಿದ ಮೇಲೆ ಎಲ್ಲ ಸ್ಕ್ರ್ಯಾಪ್ ಡಬ್ಬಿಗೆ. ಪ್ರತಿ ಬ್ಯಾಚೂ ಅದೇ ವಿ, ಅದೇ ಟೇಪರ್. ಅಭ್ಯಾಸಕ್ಕೆ ಬೇಕು, ಒಪ್ಪಿದೆ. ಆದರೆ ಆ ವಿ ಜಾಯಿಂಟ್ ಸಡಿಲಾದರೆ ಯಾರ ಬಾಗಿಲೂ ತೆರೆದುಕೊಳ್ಳೋದಿಲ್ಲ, ಅದಕ್ಕೇ ನಮಗೆ ಟಾಲರೆನ್ಸ್ ಅಂದರೆ ಡ್ರಾಯಿಂಗಿನ ಮೇಲಿನ ಒಂದು ಸಂಖ್ಯೆ ಮಾತ್ರ. ಒಂದು ಎಕ್ಸರ್ಸೈಜ್ ತೆಗೆದು ಅದರ ಜಾಗಕ್ಕೆ ನಿಜವಾದ ಒಂದು ಕೀಲು ಕೊಡ್ರಿ. ಅಳೆಯಿರಿ, ಸವೆತದ ಲೆಕ್ಕ ಬರೆಯಿರಿ, ಬುಷ್ ತಿರುಗಿಸಿ, ರೀಮ್ ಮಾಡಿ. ಮೆಕ್ಯಾನಿಕ್ಸ್, ಮೆಟ್ರಾಲಜಿ, ಮಷಿನ್ ಶಾಪ್ ಮೂರೂ ಒಂದೇ ಅಂಗೈಯಷ್ಟು ಕಬ್ಬಿಣದೊಳಗೆ ಬರುತ್ತವೆ.

ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದಾಗ ಎರಡು ಆಕ್ಷೇಪ ಬಂದವು. ಒಂದು, ಪ್ರತಿ ಕೀಲೂ ಬೇರೆ ಬೇರೆ ಇದ್ದರೆ ಮಾರ್ಕ್ಸ್ ಹೆಂಗ ಹಾಕೋದು ಅಂತ. ಫಿಟ್ ಸರಿ ಬಂದಿದೆಯೋ ಇಲ್ಲವೋ ಗೇಜ್ ಹೇಳುತ್ತದೆ. ಇದು ದೊಡ್ಡ ತೊಂದರೆ ಅಲ್ಲ. ಎರಡನೆಯದು ತೂಕದ ಮಾತು: ಹುಡುಗರು ಮಾಡಿದ ಬುಷ್ ಹಾಕಿದ ಬಾಗಿಲು ಬಿಚ್ಚಿ ಬಿದ್ದರೆ ಯಾರು ಹೊಣೆ? ಇದನ್ನು ಹಗುರವಾಗಿ ತಳ್ಳಿಹಾಕಬಾರದು. ನನ್ನ ಉತ್ತರ ಇಷ್ಟು. ಗಾಡಿಗೆ ಕೂರಿಸುವವರು ನಾವಲ್ಲ, ಗ್ಯಾರೇಜಿನವರು. ಕೂರಿಸುವ ಮೊದಲು ಪ್ರತಿ ಕೀಲನ್ನೂ ಟೆಸ್ಟಿಂಗ್ ಲ್ಯಾಬಿನಲ್ಲಿ ಮೇಲೆ ಹಾಕಿದ 109 ಕೆ.ಜಿ. ಲೆಕ್ಕದ ಎರಡು ಪಟ್ಟು ಎಳೆದು ನೋಡಬೇಕು, ಅಳತೆಯ ಹಾಳೆಗೆ ಮೇಷ್ಟ್ರು ಸಹಿ ಹಾಕಬೇಕು. ಸಹಿ ಹಾಕಲು ಧೈರ್ಯ ಬರದಷ್ಟು ಕೆಟ್ಟದಾಗಿ ನಾವು ಲೇಥ್ ಕಲಿತಿದ್ದರೆ ಅದೂ ಗೊತ್ತಾಗಲಿ. ಅಲ್ಲದೆ ಹೋಲಿಸಬೇಕಾದ್ದು ಹೊಸ ಕೀಲಿನ ಜೊತೆ ಅಲ್ಲ, ಈಗ ಅಲ್ಲಿರುವ ಅರ್ಧ ಕ್ಲಿಕ್ಕಿನ ಜೊತೆ.

ಕನ್ನಡ ಸಂಘಕ್ಕೂ ಒಂದು ಕೆಲಸ ಇದೆ. ನವೆಂಬರಿನಲ್ಲಿ ಭಾಷಣಕ್ಕೆ ಬ್ಯಾನರ್ ಕಟ್ಟುವಾಗ, ಒಂದೇ ಹಾಳೆಯಲ್ಲಿ ಈ ಅಲುಗಾಡಿಸಿ ನೋಡುವ ಪರೀಕ್ಷೆಯನ್ನು ಚಿತ್ರ ಸಮೇತ, ಡ್ರೈವರ್‌ಗಳು ಆಡುವ ಕನ್ನಡದಲ್ಲಿ ಬರೆದು ಖಾನಾಪುರ, ನಂದಗಡದ ಗ್ಯಾರೇಜುಗಳಿಗೆ ಅಂಟಿಸಿ ಬರೋಣ. ಮೊದಲ ಕ್ಲಿಕ್, ಎರಡನೇ ಕ್ಲಿಕ್ಕಿನ ವ್ಯತ್ಯಾಸವನ್ನು ದಪ್ಪಕ್ಷರದಲ್ಲಿ.

ಶುರು ಮಾಡಲು ಒಂದು ಬ್ಯಾಚ್, ನಾಲ್ಕು ಜೋಡಿ ಕೀಲು ಸಾಕು. ಕೀಲು ಬಿಚ್ಚಿಸಿ ತರೋದು, ಅಷ್ಟು ದಿನ ಬಾಗಿಲಿಲ್ಲದ ಗಾಡಿಯ ಮಾಲೀಕನನ್ನ ಸಮಾಧಾನ ಮಾಡೋದು ನನಗೆ ಬಿಡ್ರಿ. ರೀಮರ್ ಟೂಲ್ ರೂಮಿನಲ್ಲಿ ಇದೆ, ನೋಡಿ ಬಂದೀನಿ. ಕಂಚಿನ ರಾಡಿನ ದುಡ್ಡು ಯಾರು ಕೊಡ್ತಾರ ಅನ್ನೋದೊಂದೇ ಬಾಕಿ.