ರಿಯಾಯಿತಿ ಇದೆ, ನಮ್ಮ ಸಮಯಕ್ಕಿಲ್ಲ

ಬೆಂಗಳೂರಿನಲ್ಲಿ ಓದುವವರಿಗೂ ಕೆಲಸ ಹುಡುಕುವವರಿಗೂ ಊಟ, ಬಾಡಿಗೆಯಷ್ಟೇ ಅನಿವಾರ್ಯವಾದ ಇನ್ನೊಂದು ಖರ್ಚು ಓಡಾಟ. ಊಟದಲ್ಲಿ ಒಂದು ಹೊತ್ತು ಹೇಗೋ ಹೊಂದಿಸಿಕೊಳ್ಳುತ್ತೇವೆ. ಪಿ.ಜಿ.ಯಲ್ಲಿ ಇಬ್ಬರ ಕೋಣೆಯಲ್ಲಿ ಮೂವರು ಇರುತ್ತೇವೆ. ಆದರೆ ಕಾಲೇಜಿಗೋ ಸಂದರ್ಶನಕ್ಕೋ ಅರ್ಧ ದಾರಿ ಹೋಗಿ ವಾಪಸ್ ಬರಲಾಗದು.

2025ರ ಜನವರಿಯಲ್ಲಿ ಸರ್ಕಾರಿ ಬಸ್‌ಗಳ ದರ ಶೇ 15ರಷ್ಟು ಏರಿತು. ಮರುತಿಂಗಳೇ ಮೆಟ್ರೊ ಸರದಿ. ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಕೆಂಗೇರಿಯಲ್ಲಿದ್ದುಕೊಂಡು ವೈಟ್‌ಫೀಲ್ಡ್‌ನಲ್ಲಿ ಇಂಟರ್ನ್‌ಶಿಪ್ ಮಾಡುವವರ ಲೆಕ್ಕ ನೋಡಿ. ಹೋಗಿ ಬರಲು ದಿನಕ್ಕೆ 180 ರೂಪಾಯಿ, 25 ದಿನಕ್ಕೆ 4,500. ಇದೇ ಪ್ರಯಾಣಕ್ಕೆ ಮೊದಲು 3,000 ರೂಪಾಯಿ ಸಾಕಿತ್ತು. ಇಂಟರ್ನ್‌ಶಿಪ್‌ನಲ್ಲಿ ಸಂಬಳವೇ ಇಲ್ಲದವರು ಈ ವ್ಯತ್ಯಾಸವನ್ನು ಮನೆಯಿಂದಲೇ ತರಿಸಿಕೊಳ್ಳಬೇಕು.

2017ರ ನಂತರ ದರ ಪರಿಷ್ಕರಣೆ ಆಗಿರಲಿಲ್ಲ, ಸಾಲ ತೀರಿಸಬೇಕು, ನಿರ್ವಹಣೆ ವೆಚ್ಚ ಹೆಚ್ಚಿದೆ ಎಂಬ ಸಮರ್ಥನೆಯನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ತಕರಾರು ಹೊರೆ ಹಂಚಿದ ರೀತಿಯ ಬಗ್ಗೆ. ಸ್ಮಾರ್ಟ್ ಕಾರ್ಡ್ ಇದ್ದರೆ ಶೇ 5ರಷ್ಟು ರಿಯಾಯಿತಿ, ದಟ್ಟಣೆ ಇಲ್ಲದ ಅವಧಿಯಲ್ಲಿ ಇನ್ನೂ ಶೇ 5 ಎಂದರು. ಆದರೆ ತರಗತಿ, ಸಂದರ್ಶನ, ಇಂಟರ್ನ್‌ಶಿಪ್ ಎಲ್ಲವೂ ಶುರುವಾಗುವುದು ದಟ್ಟಣೆಯ ಹೊತ್ತಿನಲ್ಲೇ. ಹೊರಡುವ ಸಮಯವನ್ನು ತಾವೇ ಆರಿಸಿಕೊಳ್ಳಬಲ್ಲವರಿಗೆ ಹೆಚ್ಚು ರಿಯಾಯಿತಿ, ಆ ಸ್ವಾತಂತ್ರ್ಯ ಇಲ್ಲದವರಿಗೆ ಕಡಿಮೆ. ಇದು ಯಾವ ನ್ಯಾಯ?

ಬಸ್ ಇದೆಯಲ್ಲ ಎನ್ನಬಹುದು. ಹೌದು, ಬಸ್‌ನಲ್ಲಿ ವಿದ್ಯಾರ್ಥಿ ಪಾಸ್ ಇದೆ, 2023ರ ಜೂನ್‌ನಿಂದ ಮಹಿಳೆಯರಿಗೆ ‘ಶಕ್ತಿ’ ಇದೆ. ಆದರೆ ಈ ನಗರದ ಟ್ರಾಫಿಕ್‌ನಲ್ಲಿ ಬಸ್ ಎಷ್ಟು ಹೊತ್ತಿಗೆ ತಲುಪುತ್ತದೆಂದು ಯಾರೂ ಹೇಳಲಾರರು. ಹತ್ತು ನಿಮಿಷ ತಡವಾದರೂ ಪರೀಕ್ಷಾ ಕೇಂದ್ರದ ಗೇಟು ಮುಚ್ಚಿರುತ್ತದೆ.

ಪುಣೆ ಮತ್ತು ನಾಗಪುರದ ಮೆಟ್ರೊಗಳು ವಿದ್ಯಾರ್ಥಿಗಳಿಗೆ ಶೇ 30ರಷ್ಟು ರಿಯಾಯಿತಿ ಕೊಟ್ಟಿವೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕಾಗದು? ನಮ್ಮ ಮೆಟ್ರೊ ನಿಗಮ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಮಪಾಲಿನ ಸಂಸ್ಥೆ. ದರ ಏರಿದಾಗ ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಬೆರಳು ತೋರಿಸಿದ್ದನ್ನು ನೋಡಿದ್ದೇವೆ. ಪಾಲು ಸಮನಾಗಿದ್ದರೆ ಹೊಣೆಯೂ ಸಮನಾಗಿರಲಿ. ರಿಯಾಯಿತಿಯ ವೆಚ್ಚವನ್ನು ಇಬ್ಬರೂ ಹಂಚಿಕೊಳ್ಳಲಿ.

ಉದ್ಯೋಗಾಕಾಂಕ್ಷಿಗಳನ್ನೂ ಮರೆಯಬಾರದು. ಪದವಿ ಮುಗಿದ ಕೂಡಲೇ ವಿದ್ಯಾರ್ಥಿ ಎಂಬ ಗುರುತು ಹೋಗುತ್ತದೆ, ಸಂಬಳ ಮಾತ್ರ ಬಂದಿರುವುದಿಲ್ಲ. ಸರ್ಕಾರಿ ನೇಮಕಾತಿ ಪರೀಕ್ಷೆಯ ದಿನ ಪ್ರವೇಶಪತ್ರ ತೋರಿಸಿದವರಿಗೆ ಅರ್ಧ ದರದ ಟಿಕೆಟ್ ಕೊಡುವುದು ದೊಡ್ಡ ಮಾತೇನಲ್ಲ.

ನಾವು ಕೇಳುತ್ತಿರುವುದು ಬಿಟ್ಟಿ ಪ್ರಯಾಣವಲ್ಲ. ದುಡಿಯಲು ಆರಂಭಿಸಿದ ಮೇಲೆ ಪೂರ್ತಿ ದರ ಕೊಟ್ಟೇ ಹೋಗುತ್ತೇವೆ. ಆ ದುಡಿಮೆಯವರೆಗೆ ತಲುಪಲು ಕೈಗೆಟುಕುವ ಒಂದು ಟಿಕೆಟ್ ಬೇಕು, ಅಷ್ಟೇ.